ಗೋಡೆಯ ಮುಂದೊಂದು ಗೋಡೆ

ಅಮ್ಮನ ಮಂಚದ ತಲೆಗಡೆ ಇರುವುದು ನಡುಗೋಡೆ. ಈಚೆ ಮುಖ ನಮ್ಮದು, ಆಚೆ ಮುಖ ಪಕ್ಕದ ಮನೆಯವರದು. ಮೊಣಕಾಲಿನ ಶಸ್ತ್ರಚಿಕಿತ್ಸೆ ಮುಗಿಸಿ ಬಂದ ಮೇಲೆ ಅವಳು ಹಗಲೂ ರಾತ್ರಿ ಆ ಕೋಣೆಯಲ್ಲೇ ಇರಬೇಕಾಯಿತು. ಮೂರನೆಯ ದಿನ ಬೆಳಿಗ್ಗೆ ಮಾತ್ರೆ ಕೊಡಲು ಹೋದಾಗ ಕೇಳಿದಳು: ‘ರಾತ್ರಿಯೆಲ್ಲ ದಿಂಬಿನ ಕೆಳಗೆ ಯಾರೋ ಗುದ್ದಿದ ಹಾಗಾಗುತ್ತಲ್ಲ, ಏನದು?’

ನನಗೆ ಗೊತ್ತಿತ್ತು. ಆಚೆ ಮನೆಯ ಹಾಲ್‌ನಲ್ಲಿ ಟಿವಿ, ಅದರ ಪಕ್ಕ ನೆಲದ ಮೇಲೆ ದಪ್ಪ ಸದ್ದಿಗೆಂದೇ ಇಟ್ಟ ಸಬ್‌ವೂಫರ್. ನಾನು ಬೇರೆ ಕೋಣೆಯಲ್ಲಿ ಮಲಗುವುದರಿಂದ ಅಷ್ಟು ದಿನ ಅದನ್ನು ತಲೆಗೆ ಹಚ್ಚಿಕೊಂಡಿರಲಿಲ್ಲ. ಆ ರಾತ್ರಿ ಅಮ್ಮನ ಮಂಚದ ಪಕ್ಕ ಹಾಸಿಕೊಂಡು ಮಲಗಿದೆ. ಹಾಡಿನ ಪದ ಒಂದೂ ತಿಳಿಯದು, ರಾಗವೂ ಇಲ್ಲ. ಬರೀ ದಿಮ್, ದಿಮ್. ನಡುನಡುವೆ ಮಾತಿನ ಗುಜುಗುಜು, ಕಪಾಟಿನ ಬಾಗಿಲು ಬಡಿದದ್ದು, ಕೊನೆಗೆ ದೀಪ ಆರಿಸಿದ ‘ಟಿಕ್’. ಆ ಟಿಕ್ ಕೂಡ ಈಚೆಗೆ ದಾಟಿ ಬಂತು. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ತೆಳುವಾದ, ಕೀರಲು ಸದ್ದುಗಳನ್ನು. ಹಕ್ಕಿಯ ಚಿಲಿಪಿಲಿ ಅಮ್ಮನಿಗೆ ಸರಿಯಾಗಿ ಕೇಳಿಸದೆ ವರ್ಷಗಳಾದವು. ದಪ್ಪ ಸದ್ದು ಮಾತ್ರ ನನಗೆ ಕೇಳಿದಷ್ಟೇ ಅವಳಿಗೂ ಕೇಳುತ್ತದೆ. ಅವಳ ಪಾಲಿಗೆ ಉಳಿದಿದ್ದೇ ಈ ದಿಮ್ ದಿಮ್.

ಮರುದಿನವೇ ಕೆಲಸಕ್ಕೆ ಇಳಿದೆ. ಇಳಿಯುವ ಮೊದಲು ಒಂದು ವಾರ ಸುಮ್ಮನೆ ಕಿವಿಗೊಟ್ಟು ಕೂತಿದ್ದರೆ ಎರಡು ತಿಂಗಳು ಉಳಿಯುತ್ತಿತ್ತು, ಅಮ್ಮನಿಗೆ ಎರಡು ತಿಂಗಳ ನಿದ್ದೆಯೂ ಸಿಗುತ್ತಿತ್ತು. ಅದನ್ನು ನೆನೆದರೆ ಈಗಲೂ ಬೇಸರವಾಗುತ್ತದೆ. ಆದ್ದರಿಂದಲೇ ತಪ್ಪಿದ್ದನ್ನೂ ಬಿಡದೆ ಬರೆಯುತ್ತಿದ್ದೇನೆ.

ಮೊದಲು ತಂದದ್ದು ಬೂದುಬಣ್ಣದ, ಮೊನೆಮೊನೆಯಾದ ಫೋಮ್ ಹಲಗೆಗಳು, ರೆಕಾರ್ಡಿಂಗ್ ಸ್ಟುಡಿಯೊ ಚಿತ್ರಗಳಲ್ಲಿ ಕಾಣುವಂಥವು. ಗೋಡೆಯ ತುಂಬ ಅಂಟಿಸಿದೆ. ಕೋಣೆಯೊಳಗೆ ಮಾತಾಡಿದರೆ ವ್ಯತ್ಯಾಸ ತಕ್ಷಣ ತಿಳಿಯುತ್ತಿತ್ತು: ದನಿಗೆ ಮೊಳಗೇ ಇಲ್ಲ, ಕಂಬಳಿಯೊಳಗೆ ಮಾತಾಡಿದ ಹಾಗೆ. ಗೆದ್ದೆ ಅಂದುಕೊಂಡೆ. ರಾತ್ರಿ ಒಂಬತ್ತಕ್ಕೆ ಆಚೆ ಟಿವಿ ಹಚ್ಚಿದರು. ದಿಮ್ ದಿಮ್ ಒಂದಿಷ್ಟೂ ಇಳಿದಿರಲಿಲ್ಲ.

ಇಲ್ಲಿ ನಾನು ಎರಡು ಬೇರೆ ಬೇರೆ ಕೆಲಸಗಳನ್ನು ಒಂದೇ ಎಂದು ತಿಳಿದಿದ್ದೆ. ಕೋಣೆಯೊಳಗೆ ಹುಟ್ಟಿದ ಸದ್ದು ಗೋಡೆಗೆ ಬಡಿದು ಮರಳದಂತೆ ಹೀರಿಕೊಳ್ಳುವುದು ಒಂದು ಕೆಲಸ. ಆಚೆಯ ಸದ್ದು ಈಚೆ ಬರದಂತೆ ತಡೆಯುವುದು ಇನ್ನೊಂದು. ಹೀರುವಿಕೆಯ ಲೆಕ್ಕವನ್ನು ಮೊದಲು ಕ್ರಮವಾಗಿ ಹಿಡಿದವರು ಹಾರ್ವರ್ಡ್‌ನ ಭೌತವಿಜ್ಞಾನಿ ವಾಲೇಸ್ ಸೇಬಿನ್. 1895ರಲ್ಲಿ, ಉಪನ್ಯಾಸಕಾರರ ಮಾತೇ ತಿಳಿಯದಷ್ಟು ಮೊಳಗುತ್ತಿದ್ದ ಒಂದು ಸಭಾಂಗಣವನ್ನು ಸರಿಪಡಿಸುವ ಕೆಲಸ ಅವರ ಪಾಲಿಗೆ ಬಂತು. ಹತ್ತಿರದ ರಂಗಮಂದಿರದ ಆಸನದ ಮೆತ್ತೆಗಳನ್ನು ರಾತ್ರಿ ಹೊತ್ತು ತರಿಸಿ, ಎಷ್ಟು ಮೆತ್ತೆ ಇಟ್ಟರೆ ಮೊಳಗು ಎಷ್ಟು ಬೇಗ ಸಾಯುತ್ತದೆ ಎಂದು ಅಳೆದರು. ನನ್ನ ಫೋಮ್ ಮಾಡಿದ್ದೂ ಮೆತ್ತೆಯ ಕೆಲಸವನ್ನೇ. ಗಾಳಿ ತೂರುವಷ್ಟು ಹಗುರವಾದ ವಸ್ತು ಇಡೀ ಗೋಡೆಯನ್ನೇ ಅಲುಗಿಸಿ ಬರುವ ಸದ್ದನ್ನು ತಡೆಯಲಾರದು. ಮೊಟ್ಟೆ ಇಡುವ ರಟ್ಟಿನ ತಟ್ಟೆಗಳನ್ನು ಗೋಡೆಗೆ ಹಚ್ಚುವವರಿದ್ದಾರೆ. ಅವಂತೂ ಸದ್ದನ್ನು ತಡೆಯುವುದೂ ಇಲ್ಲ, ನೆಟ್ಟಗೆ ಹೀರುವುದೂ ಇಲ್ಲ.

ತಡೆಯಬೇಕಾದರೆ ತೂಕ ಬೇಕು. ಗೋಡೆಯ ಚದರ ಮೀಟರಿನ ತೂಕವನ್ನು ಎರಡು ಪಟ್ಟು ಮಾಡಿದರೆ ಹೆಚ್ಚೆಂದರೆ 6 ಡೆಸಿಬಲ್ ಹೆಚ್ಚುವರಿ ತಡೆ ಸಿಗುತ್ತದೆ. ಕಿವಿಗೆ ಸದ್ದು ಅರ್ಧಕ್ಕೆ ಇಳಿದಂತೆ ಅನಿಸಬೇಕಾದರೆ ಸುಮಾರು 10 ಡೆಸಿಬಲ್ ಇಳಿಯಬೇಕು. ಅಂದರೆ ಇಟ್ಟಿಗೆ ಗೋಡೆಗೆ ಅಷ್ಟೇ ದಪ್ಪದ ಇನ್ನೊಂದು ಇಟ್ಟಿಗೆ ಗೋಡೆ ಅಂಟಿಸಿ ಕಟ್ಟಿದರೂ ಅರ್ಧದಷ್ಟೂ ಇಳಿಯದು. ಈ ಲೆಕ್ಕ ಓದಿದ ದಿನ ನಾನು ಕುಗ್ಗಿಹೋದೆ.

ಆಮೇಲಿನ ಪ್ರಯತ್ನ ಬಡಗಿಯ ಸಲಹೆಯದು. ಗೋಡೆಗೆ ಒಂದು ಇಂಚಿನ ಮರದ ರೀಪು ಹೊಡೆದು, ಅದರ ಮೇಲೆ 12.5 ಮಿಲಿಮೀಟರ್ ಜಿಪ್ಸಮ್ ಬೋರ್ಡ್ ಕೂರಿಸುವುದು. ಕೋಣೆಯ ಜಾಗವೂ ಹೆಚ್ಚು ಹೋಗದು, ಎರಡು ದಿನದ ಕೆಲಸ. ಒಳಗೆ ಗಾಳಿಯ ಪದರ ಇರುವುದರಿಂದ ಸದ್ದು ಅಲ್ಲೇ ಸಾಯುತ್ತದೆ ಎಂದ. ನಾನೂ ನಂಬಿದೆ. ಮುಗಿದ ರಾತ್ರಿ ಅಮ್ಮ ಏನೂ ಹೇಳಲಿಲ್ಲ. ಎರಡನೆಯ ರಾತ್ರಿ ಮೆಲ್ಲಗೆ ಅಂದಳು, ‘ಮೊದಲೇ ವಾಸಿ ಇತ್ತು ಅನಿಸುತ್ತೆ ಕಣೋ.’

ಸರಿಯಾಗಿಯೇ ಹೇಳಿದ್ದಳು. ಮಾತಿನ ಗುಜುಗುಜು ತುಸು ತಗ್ಗಿತ್ತು, ದಿಮ್ ದಿಮ್ ಮಾತ್ರ ಉಬ್ಬಿತ್ತು. ಕಾರಣ ತಿಳಿಯಲು ನನಗೆ ಮೂರು ದಿನ ಹಿಡಿಯಿತು. ಎರಡು ಹಲಗೆಗಳ ನಡುವೆ ಸಿಕ್ಕಿಕೊಂಡ ಗಾಳಿ ಸ್ಪ್ರಿಂಗಿನಂತೆ ವರ್ತಿಸುತ್ತದೆ. ಆಚೆ ಒಂದು ತೂಕ, ಈಚೆ ಒಂದು ತೂಕ, ನಡುವೆ ಸ್ಪ್ರಿಂಗ್. ಅಂಥ ಜೋಡಣೆಗೆ ತನ್ನದೇ ಒಂದು ತೊನೆದಾಟದ ವೇಗ ಇರುತ್ತದೆ, ಉಯ್ಯಾಲೆಗೆ ಇರುವಂತೆ. ಆ ವೇಗದ ಸದ್ದು ಬಂದರೆ ತಡೆಯ ಬದಲು ಕೈಜೋಡಿಸಿ ಒಳಗೆ ಕರೆದುಕೊಳ್ಳುತ್ತದೆ. ಇದಕ್ಕೊಂದು ಸೂತ್ರವಿದೆ. ಎರಡು ಪದರಗಳ ಚದರ ಮೀಟರ್ ತೂಕವನ್ನು ಕೂಡಿಸಿ ಇಟ್ಟುಕೊಳ್ಳಬೇಕು. ಅವೆರಡನ್ನು ಒಂದಕ್ಕೊಂದು ಗುಣಿಸಿ, ಬಂದದ್ದನ್ನು ನಡುವಿನ ಸಂದಿಯ ಮೀಟರ್ ಅಳತೆಯಿಂದ ಮತ್ತೆ ಗುಣಿಸಬೇಕು. ಮೊದಲಿನದನ್ನು ಇದರಿಂದ ಭಾಗಿಸಿ, ವರ್ಗಮೂಲ ತೆಗೆದು, 60ರಿಂದ ಗುಣಿಸಬೇಕು. ನಮ್ಮ ಅರ್ಧ ಇಟ್ಟಿಗೆಯ ಗೋಡೆ, ಎರಡೂ ಕಡೆಯ ಗಾರೆ ಸೇರಿ, ಚದರ ಮೀಟರಿಗೆ ಸುಮಾರು 250 ಕಿಲೋ. ಬೋರ್ಡು ಸುಮಾರು 9 ಕಿಲೋ. ಸಂದಿ 25 ಮಿಲಿಮೀಟರ್. ಲೆಕ್ಕ ಹಾಕಿದರೆ ಬಂದದ್ದು 129 ಹರ್ಟ್ಸ್, ಅಂದರೆ ಸೆಕೆಂಡಿಗೆ 129 ತೊನೆದಾಟ. ಅದು ಗಂಡು ದನಿಯ ಬುಡ, ಹಾಡಿನ ಬೇಸ್ ಗಿಟಾರ್ ಆಡಾಡುವ ಜಾಗ. ಅದರ ಆಸುಪಾಸಿನಲ್ಲೆಲ್ಲ ನಾವು ಕಟ್ಟಿದ್ದು ತಮಟೆಯ ಚರ್ಮದಂತೆ ಕೆಲಸ ಮಾಡುತ್ತಿತ್ತು. ಸಾಲದ್ದಕ್ಕೆ ರೀಪುಗಳು ಗೋಡೆಗೆ ಬಿಗಿಯಾಗಿ ಹೊಡೆದಿದ್ದವು. ಗೋಡೆಯ ಅಲುಗಾಟ ಅವುಗಳ ಮೂಲಕ ನೇರ ಬೋರ್ಡಿಗೆ.

ಬೋರ್ಡ್ ಕೂರಿಸಿದ ಒಂಬತ್ತನೆಯ ದಿನ ಎಲ್ಲವನ್ನೂ ಕಿತ್ತೆ. ಫೋಮ್ ಕಿತ್ತ ಜಾಗದಲ್ಲಿ ಮೊದಲೇ ಬಣ್ಣ ಎದ್ದಿತ್ತು, ಈಗ ಮೊಳೆಯ ತೂತುಗಳೂ ಸೇರಿದವು. ಬರಿಗೋಡೆಯ ಮುಂದೆ ಕುರ್ಚಿ ಹಾಕಿಕೊಂಡು ಕೂತೆ. ಇನ್ನು ಮೊದಲು ಕೇಳುವುದು, ಆಮೇಲೆ ಕಟ್ಟುವುದು ಎಂದು ಆಗ ನಿಶ್ಚಯಿಸಿದೆ.

ಕೇಳುವುದೂ ಒಂದು ಕೆಲಸವೇ. ಫ್ಯಾನ್ ಆರಿಸಿ, ಕಿಟಕಿ ಮುಚ್ಚಿ, ರಾತ್ರಿ ಒಂಬತ್ತರಿಂದ ಹನ್ನೊಂದರವರೆಗೆ ಒಂದು ಕಿವಿಗೆ ಬೆರಳಿಟ್ಟುಕೊಂಡು ಇನ್ನೊಂದು ಕಿವಿಯನ್ನು ಗೋಡೆಯ ಗುಂಟ ಒಯ್ಯುತ್ತಿದ್ದೆ. ಸ್ಟೆತಸ್ಕೋಪ್ ಒಂದನ್ನು ಎರವಲು ತಂದೆ. ಅದರ ಬಿಲ್ಲೆಯನ್ನು ಗೋಡೆಗೆ ಒತ್ತಿದರೆ ಗೋಡೆಯೇ ಅಲುಗುವ ಸದ್ದು ಕೇಳುತ್ತದೆ. ಬಿಲ್ಲೆ ಬಿಚ್ಚಿ ಬರೀ ಕೊಳವೆಯ ತುದಿಯನ್ನು ಸಂದಿಯ ಹತ್ತಿರ ಹಿಡಿದರೆ ಗಾಳಿಯಲ್ಲಿ ನುಸುಳಿ ಬರುವ ಸದ್ದು ಸಿಗುತ್ತದೆ. ಇವೆರಡರ ವ್ಯತ್ಯಾಸ ಒಮ್ಮೆ ಕಿವಿಗೆ ಹತ್ತಿದ ಮೇಲೆ ಇಡೀ ಗೋಡೆಯ ನಕ್ಷೆ ಮನಸ್ಸಿನಲ್ಲಿ ಮೂಡತೊಡಗಿತು. ನಡುಭಾಗದಲ್ಲಿ ಮಾತು ಬಹಳ ಮಂದ. ಸ್ವಿಚ್ ಬೋರ್ಡಿನ ಹತ್ತಿರ ಪದಗಳೇ ಬಿಡಿಬಿಡಿಯಾಗಿ ತಿಳಿಯುತ್ತಿದ್ದವು. ಗೋಡೆ ಫಾಲ್ಸ್ ಸೀಲಿಂಗ್ ಸೇರುವ ಕಡೆ, ಏಣಿ ಹತ್ತಿ ಕಿವಿಯಿಟ್ಟರೆ, ಮಾತು ಮೇಲಿನಿಂದ ಸುರಿದ ಹಾಗೆ ಬರುತ್ತಿತ್ತು.

ಸೀಲಿಂಗಿನ ಒಂದು ಹಲಗೆ ಇಳಿಸಿ ಟಾರ್ಚ್ ಬಿಟ್ಟೆ. ಸ್ಲ್ಯಾಬ್‌ಗೂ ಗೋಡೆಯ ಕೊನೆಯ ಇಟ್ಟಿಗೆ ಸಾಲಿಗೂ ನಡುವೆ ಅರ್ಧ ಇಂಚಿನ ಸಂದು, ಗೋಡೆಯ ಉದ್ದಕ್ಕೂ. ಕಾಂಕ್ರೀಟ್ ಚೌಕಟ್ಟಿನ ಕಟ್ಟಡದಲ್ಲಿ ಇಟ್ಟಿಗೆ ಗೋಡೆ ಆಮೇಲೆ ತುಂಬುವಂಥದ್ದು. ಕೊನೆಯ ಸಾಲಿಗೆ ಕರಣೆ ಸರಿಯಾಗಿ ಹೋಗುವುದಿಲ್ಲ, ಹೇಗೂ ಸೀಲಿಂಗ್ ಮುಚ್ಚುತ್ತದೆ ಎಂದು ಬಿಟ್ಟಿರುತ್ತಾರೆ. ನಮ್ಮ ಗೋಡೆ 12 ಅಡಿ ಅಗಲ, 10 ಅಡಿ ಎತ್ತರ, 120 ಚದರ ಅಡಿ. ಅರ್ಧ ಇಂಚಿನ ಸಂದು 12 ಅಡಿ ಉದ್ದಕ್ಕೆ ಅರ್ಧ ಚದರ ಅಡಿ ಆಯಿತು, ಶೇಕಡಾ 0.4ರಷ್ಟು. ಎಷ್ಟು ಅಲ್ಪ! ಆದರೆ ಶೇಕಡಾ 1ರಷ್ಟು ತೆರಪು ಇದ್ದರೆ ಗೋಡೆ ಎಷ್ಟೇ ಗಟ್ಟಿಯಾದರೂ ಒಟ್ಟು ತಡೆ 20 ಡೆಸಿಬಲ್ ದಾಟದು, ಶೇಕಡಾ 0.4 ಇದ್ದರೆ 24ರ ಆಸುಪಾಸು. ಗಾರೆ ಬಳಿದ ಅರ್ಧ ಇಟ್ಟಿಗೆಯ ಗೋಡೆ ತಾನಾಗಿ 45ರಷ್ಟು ತಡೆಯಬಲ್ಲದು. ಅಂದರೆ ಗೋಡೆಯ ಅರ್ಧ ಶಕ್ತಿ ಆ ಬೆರಳಗಲದ ಸಂದಿಯಲ್ಲಿ ಸೋರಿಹೋಗುತ್ತಿತ್ತು. ಸೋರುವ ಕೊಡದ ಹೊರಗೆ ನಾನು ಫೋಮ್ ಅಂಟಿಸುತ್ತಿದ್ದೆ.

ಸ್ವಿಚ್ ಬೋರ್ಡಿನ ಸಂಗತಿ ತಿಳಿಯಲು ಆಚೆ ಮನೆಗೆ ಹೋಗಲೇಬೇಕಿತ್ತು. ಅಲ್ಲಿಯವರೆಗೆ ನಾನು ಅವರೊಡನೆ ಈ ಮಾತೇ ಎತ್ತಿರಲಿಲ್ಲ. ಜಗಳವಾದೀತು ಎಂಬ ಅಳುಕು ಒಂದು. ಅದಕ್ಕಿಂತ ಹೆಚ್ಚಾಗಿ, ಎರಡು ತಿಂಗಳಿಂದ ಮನಸ್ಸಿನಲ್ಲೇ ಅವರ ಮೇಲೆ ಕೂಗಾಡಿ ಕೂಗಾಡಿ ಎದುರಿಗೆ ನಿಂತು ಸಮಾಧಾನದಿಂದ ಮಾತಾಡುವ ಶಕ್ತಿ ಉಳಿದಿದೆಯೇ ಎಂಬ ಅನುಮಾನ. ದೂರು ಹೇಳಲಿಲ್ಲ. ‘ನಿಮ್ಮ ಟಿವಿ ಎಂದಿನ ಹಾಗೆ ಹಚ್ಚಿಬಿಟ್ಟು ಒಂದೈದು ನಿಮಿಷ ನಮ್ಮ ಮನೆಗೆ ಬರುತ್ತೀರಾ?’ ಎಂದಷ್ಟೇ ಕೇಳಿದೆ. ಬಂದರು. ಅಮ್ಮ ಆಗ ಹೊರಗೆ ಕೂತಿದ್ದಳು. ಮಂಚದ ಮೇಲೆ ಕೂತು, ದಿಂಬಿನ ಹತ್ತಿರ ತಲೆ ಬಗ್ಗಿಸಿ ಕೇಳಿದರು. ಅವರ ಮುಖ ಕಪ್ಪಿಟ್ಟಿತು. ‘ನಮ್ಮ ಮನೆಯಲ್ಲೇ ಇದು ಇಷ್ಟು ಕೇಳುವುದಿಲ್ಲವಲ್ಲ’ ಅಂದರು. ಅದು ನಿಜವೂ ಇರಬಹುದು. ದಪ್ಪ ಸದ್ದಿನ ಅಲೆ ಬಹಳ ಉದ್ದ: 50 ಹರ್ಟ್ಸ್ ಸದ್ದಿನ ಒಂದು ಅಲೆ ಸುಮಾರು 7 ಮೀಟರ್. ಸಾಮಾನ್ಯ ಕೋಣೆಯಲ್ಲಿ ಅದು ಗೋಡೆಯ ಬುಡದಲ್ಲಿ, ಮೂಲೆಯಲ್ಲಿ ಗುಡ್ಡೆಯಾಗುತ್ತದೆ, ನಡುವೆ ಕೂತವರಿಗೆ ಕಡಿಮೆ ಸಿಗುತ್ತದೆ. ಅವರ ಸೋಫಾ ಕೋಣೆಯ ನಡುವೆ ಇತ್ತು. ಅಮ್ಮನ ದಿಂಬು ಗೋಡೆಯ ಬುಡದಲ್ಲಿ.

ಅಂದೇ ಸಂಜೆ ಅವರ ಸಬ್‌ವೂಫರನ್ನು ಮೂಲೆಯಿಂದ ಎಬ್ಬಿಸಿದೆವು. ಎರಡು ಗೋಡೆ ಸೇರುವ ಮೂಲೆ ಸ್ಪೀಕರಿಗೆ ಕಹಳೆಯ ಬಾಯಿಯಂತೆ. ದಪ್ಪ ಸದ್ದನ್ನು ಇನ್ನಷ್ಟು ಹಿಗ್ಗಿಸುತ್ತದೆ. ಅದನ್ನು ಎದುರು ಗೋಡೆಯ ಕಡೆಗೆ, ಗೋಡೆಗೆ ತಾಗದಂತೆ, ಕೆಳಗೆ ದಪ್ಪ ರಬ್ಬರ್ ಮೆತ್ತೆ ಹಾಕಿ ಇಟ್ಟರು. ಕಪಾಟಿನ ಬಾಗಿಲುಗಳ ಅಂಚಿಗೆ ಗುಂಡಿಯಷ್ಟು ದೊಡ್ಡ ರಬ್ಬರ್ ತುಣುಕು ಅಂಟಿಸಿದರು. ಕಪಾಟು ನಡುಗೋಡೆಗೇ ಬೋಲ್ಟ್ ಹಾಕಿದ್ದರಿಂದ ಬಾಗಿಲಿನ ಏಟು ನೇರ ಇಟ್ಟಿಗೆಗೆ ಬೀಳುತ್ತಿತ್ತು. ಅಂಥ ಏಟಿಗೆ ಈಚೆ ಏನು ಕಟ್ಟಿದರೂ ಕಷ್ಟ, ಹುಟ್ಟುವ ಜಾಗದಲ್ಲೇ ಮೆತ್ತಗೆ ಮಾಡಿದರೆ ಬೆರಳಷ್ಟು ರಬ್ಬರ್ ಸಾಕು. ಅಂದಿನ ರಾತ್ರಿ ಅಮ್ಮ ಎರಡು ಗಂಟೆ ಹೆಚ್ಚು ಮಲಗಿದಳು. ಅವರ ಬಾಗಿಲು ತಟ್ಟಲು ಅಷ್ಟು ದಿನ ತಡಮಾಡಿದ್ದಕ್ಕೆ ನನಗೆ ನಿಜಕ್ಕೂ ನೋವಾಯಿತು.

ಮುಂದಿನ ಭಾನುವಾರ ಎರಡೂ ಮನೆಯ ಮೇನ್ ಸ್ವಿಚ್ ಆರಿಸಿ ಎರಡೂ ಕಡೆಯ ಸ್ವಿಚ್ ಬೋರ್ಡು ಬಿಚ್ಚಿದೆವು. ಅವರು ಆ ಕಡೆಯಿಂದ ಟಾರ್ಚ್ ಹಿಡಿದರು. ನನ್ನ ಕಡೆಯ ಡಬ್ಬಿಯೊಳಗೆ, ವೈರ್ ಬರುವ ತೂತಿನಲ್ಲಿ, ಬೆಳಕು ಕಂಡಿತು! ನಾಲ್ಕೂವರೆ ಇಂಚಿನ ಗೋಡೆಯನ್ನು ಎರಡೂ ಕಡೆಯಿಂದ ಎರಡೆರಡು ಇಂಚು ಕೊರೆದು ಡಬ್ಬಿ ಕೂರಿಸಿದ್ದರು. ನಡುವೆ ಉಳಿದಿದ್ದು ಬಿರುಕುಬಿಟ್ಟ ಗಾರೆಯ ತೆಳು ಪೊರೆ. ಬೆಳಕು ಬರುವಲ್ಲಿ ಸದ್ದು ಬಾರದೇ ಇರುತ್ತದೆಯೇ? ದೀಪ ಆರಿಸಿದ ಟಿಕ್ ಎಲ್ಲಿಂದ ಬರುತ್ತಿತ್ತೆಂದು ಆಗ ತಿಳಿಯಿತು.

ಎಲೆಕ್ಟ್ರಿಷಿಯನ್ ಬಂದು ನಮ್ಮ ಕಡೆಯ ಬೋರ್ಡನ್ನು ಪಕ್ಕದ ಗೋಡೆಗೆ ಸಾಗಿಸಿದ. ಹಳೆಯ ಡಬ್ಬಿ ತೆಗೆದು, ಆ ಗೂಡನ್ನು ಇಟ್ಟಿಗೆ ಚೂರು, ಸಿಮೆಂಟ್ ಗಾರೆಯಿಂದ ಒತ್ತಿ ಒತ್ತಿ ತುಂಬಿದೆವು. ಮೇಲಿನ ಸಂದಿಗೆ ಮೊದಲು ಫೋಮಿನ ಹಗ್ಗವನ್ನು ಒಳಗೆ ತುರುಕಿ, ಅದರ ಮುಂದೆ ಗಟ್ಟಿಯಾಗದೆ ರಬ್ಬರಿನಂತೆ ಉಳಿಯುವ ಅಕೌಸ್ಟಿಕ್ ಸೀಲಂಟ್ ತುಂಬಿದೆ. ಬರೀ ಸಿಮೆಂಟ್ ತುಂಬಿದರೆ ಸ್ಲ್ಯಾಬ್ ತುಸು ಬಾಗಿ ಏಳುವಾಗ ಮತ್ತೆ ಕೂದಲೆಳೆಯ ಬಿರುಕು ಬಿಡುತ್ತದೆ, ಆ ಕೂದಲೆಳೆಯೂ ಸದ್ದಿಗೆ ದಾರಿಯೇ. ಹಾಗೆಂದು ಡಬ್ಬಿಯಿಂದ ಚಿಮ್ಮಿ ಉಬ್ಬುವ ಫೋಮ್ ತುಂಬಿದರೂ ಆಗದು. ಅದು ಗಾಳಿಯನ್ನು ತಡೆಯುತ್ತದೆ, ತೂಕವಿಲ್ಲದ್ದರಿಂದ ಸದ್ದನ್ನು ಅಷ್ಟಾಗಿ ತಡೆಯದು. ಏಣಿಯ ಮೇಲೆ ಕತ್ತು ಹೊರಳಿಸಿಕೊಂಡು ಮಾಡಿದ ಈ ಅರ್ಧ ದಿನದ ಕೆಲಸವೇ ಇಡೀ ಹೋರಾಟದಲ್ಲಿ ಅತಿ ಹೆಚ್ಚು ಫಲ ಕೊಟ್ಟದ್ದು. ಆ ರಾತ್ರಿಯಿಂದ ಆಚೆಯ ಮಾತು ಪದವಾಗಿ ಎಂದೂ ಕೇಳಿಸಲಿಲ್ಲ.

ಇನ್ನು ಉಳಿದದ್ದು ದಿಮ್ ದಿಮ್. ಬಹಳ ತಗ್ಗಿತ್ತು, ಹೋಗಿರಲಿಲ್ಲ.

ಫೋನಿನಲ್ಲಿ ಸದ್ದು ಅಳೆಯುವ ಆ್ಯಪ್ ಹಾಕಿ ನೋಡಿದಾಗ ಅದು 31 ಡೆಸಿಬಲ್ ಎಂದಿತು. ಮಲಗುವ ಕೋಣೆಗೆ 30ರ ಮಿತಿಯನ್ನು ವಿಶ್ವ ಆರೋಗ್ಯ ಸಂಸ್ಥೆ 1999ರಲ್ಲೇ ಸೂಚಿಸಿದೆ. ಹೆಚ್ಚೂಕಡಿಮೆ ಸರಿಯಾಗಿಯೇ ಇದೆಯಲ್ಲ ಅನಿಸಿತು. ಆದರೆ ಅಮ್ಮ ಎದ್ದು ಕೂತಿದ್ದಾಳೆ. ತೊಡಕು ಅಳತೆಯ ರೀತಿಯಲ್ಲಿತ್ತು. ಸಾಮಾನ್ಯವಾಗಿ ತೋರಿಸುವುದು ‘ಎ’ ತೂಕದ ಡೆಸಿಬಲ್. ಅದು ದಪ್ಪ ಸದ್ದನ್ನು ಲೆಕ್ಕದಲ್ಲಿ ಬಹಳ ಇಳಿಸಿಬಿಡುತ್ತದೆ. 63 ಹರ್ಟ್ಸ್ ಸದ್ದಿನಿಂದ 26 ಡೆಸಿಬಲ್ ಕಳೆದು ತೋರಿಸುತ್ತದೆ. ದಪ್ಪ ಸದ್ದನ್ನು ಅಷ್ಟಾಗಿ ಇಳಿಸದ ‘ಸಿ’ ತೂಕಕ್ಕೆ ಬದಲಿಸಿದೆ: 54. ದಪ್ಪ ಸದ್ದು ಹೆಚ್ಚಿದ್ದರೆ 30ಕ್ಕಿಂತಲೂ ಕಡಿಮೆ ಇರಬೇಕು ಎಂದು ಅದೇ ಸೂಚನೆಯಲ್ಲಿದೆ. ಸದ್ದು ತಡೆಯುವ ಶಕ್ತಿಯನ್ನು ಹೇಳಲು ಗೋಡೆಗಳಿಗೆ ಕೊಡುವ ಎಸ್‌ಟಿಸಿ ಅಂಕದ್ದೂ ಇದೇ ಕಥೆ, ಅದು ಲೆಕ್ಕಕ್ಕೆ ಹಿಡಿಯುವುದೇ 125 ಹರ್ಟ್ಸ್‌ನಿಂದ ಮೇಲೆ. ಸಬ್‌ವೂಫರಿನ ಬದುಕೆಲ್ಲ ಅದಕ್ಕಿಂತ ಕೆಳಗೆ. ಬಂದವರ ಕಿವಿ, ಆ್ಯಪ್, ಅಂಕಿ ಯಾವುದನ್ನೂ ಅಲ್ಲದೆ ಅಮ್ಮನನ್ನು ಕೇಳುವುದೇ ಸರಿ ಎಂದು ಅಂದಿನಿಂದ ನಿರ್ಧರಿಸಿದೆ. ಫೋನನ್ನು ನಿನ್ನೆಗೂ ಇವತ್ತಿಗೂ ಹೋಲಿಸಲು ಮಾತ್ರ ಬಳಸಿದೆ, ಅದೇ ಜಾಗ, ಅದೇ ಹಾಡು, ಅದೇ ಮಟ್ಟ.

ಗೋಡೆಯ ಮುಂದೆ ಇನ್ನೊಂದು ಗೋಡೆ ಕಟ್ಟುವುದೆಂದಾಯಿತು. ಈ ಸಲ ಹಳೆಯ ಗೋಡೆಗೆ ತಾಗದ ಗೋಡೆ. ಮತ್ತೆ ಅದೇ ಸೂತ್ರ ಹಿಡಿದು ಕೂತೆ. 15 ಮಿಲಿಮೀಟರಿನ ಭಾರದ ಬೋರ್ಡ್ ಎರಡು ಪದರ, ಚದರ ಮೀಟರಿಗೆ ಸುಮಾರು 25 ಕಿಲೋ. ಸಂದಿ 100 ಮಿಲಿಮೀಟರ್. ಬಂದದ್ದು 40 ಹರ್ಟ್ಸ್. ಸಂದಿಯಲ್ಲಿ ಉಣ್ಣೆ ತುಂಬಿದರೆ ಇನ್ನೂ ತುಸು ಇಳಿಯುತ್ತದೆ. ತೊನೆದಾಟದ ವೇಗ ಹಾಡಿನಿಂದ ಹೊರಗೆ ಹೋಗದಿದ್ದರೂ ಹಾಡಿನ ತಳಕ್ಕೆ ಸರಿಯಿತು. ಆ ವೇಗದ ಒಂದೂವರೆ ಪಟ್ಟು ಮೇಲಿನಿಂದ ತಡೆ ಚುರುಕಾಗಿ ಏರುತ್ತದೆ. ಕೋಣೆಯಿಂದ ಐದು ಇಂಚು ಹೋಗುತ್ತದೆ; ಹೋಗಲಿ ಅಂದಳು ಅಮ್ಮ. ಚೌಕಟ್ಟು ಸೇರಿ ಒಟ್ಟು 350 ಕಿಲೋದಷ್ಟು ಹೊರೆ ನೆಲದ ಒಂದೇ ಗೆರೆಯ ಮೇಲೆ ಬೀಳುವುದರಿಂದ ಒಬ್ಬ ಎಂಜಿನಿಯರನ್ನು ಕರೆಸಿ ಕೇಳಿದೆ. ಇದನ್ನು ಯಾರೂ ಬಿಡಬಾರದು. ನಮ್ಮದು ಬೀಮಿನ ನೇರಕ್ಕೇ ಇದ್ದುದರಿಂದ ಒಪ್ಪಿದರು.

ಫಾಲ್ಸ್ ಸೀಲಿಂಗ್‌ನ ಒಂದು ಪಟ್ಟಿ ಕತ್ತರಿಸಿ ತೆಗೆಸಿದೆ. ಹೊಸ ಗೋಡೆ ಸ್ಲ್ಯಾಬ್ ಮುಟ್ಟಬೇಕು, ಸೀಲಿಂಗಿಗೆ ನಿಂತರೆ ಸದ್ದು ಮೇಲಿಂದ ಹಾರಿ ಬರುತ್ತದೆ. ನೆಲಕ್ಕೂ ಸ್ಲ್ಯಾಬಿಗೂ ಲೋಹದ ಟ್ರ್ಯಾಕ್ ಹೊಡೆಯುವ ಮೊದಲು ಅದರ ಬೆನ್ನಿಗೆ ರಬ್ಬರ್ ಪಟ್ಟಿ. ಎರಡು ಅಡಿಗೊಂದು ಸ್ಟಡ್, ಅಂದರೆ ಬೋರ್ಡನ್ನು ಹೊರುವ ನಿಲುವುಪಟ್ಟಿ, ಎಲ್ಲವೂ ಇಟ್ಟಿಗೆ ಗೋಡೆಯಿಂದ ಒಂದು ಇಂಚು ದೂರ. ಕೆಲಸಗಾರನಿಗೆ ಇದು ಸಮಾಧಾನ ತರಲಿಲ್ಲ. ನಡುವೆ ಎರಡು ಕಡೆ ಗೋಡೆಗೆ ಕ್ಲಿಪ್ ಹಾಕಿದರೆ ಗಟ್ಟಿಯಾಗುತ್ತದೆ ಎಂದು ಮತ್ತೆ ಮತ್ತೆ ಹೇಳಿದ. ಅವನ ಕೈಕಸುಬಿನ ದೃಷ್ಟಿಯಿಂದ ಅವನು ಹೇಳಿದ್ದು ಸರಿ: ಗೋಡೆ ಎಂದರೆ ಗಟ್ಟಿಯಾಗಿ ನಿಲ್ಲಬೇಕು. ಇಲ್ಲಿ ಬೇಕಾದ್ದು ಮಾತ್ರ ನಂಟಿಲ್ಲದಿರುವುದು. ಒಂದೇ ಒಂದು ತಿರುಪು ಎರಡು ಗೋಡೆಯನ್ನು ಸೇರಿಸಿದರೂ ಅಷ್ಟಕ್ಕೆ ನಂಟು ಬೆಳೆಯುತ್ತದೆ. ಸ್ಟಡ್‌ಗಳು ನಿಂತ ಮೇಲೆ ಒಂದು ಉದ್ದನೆಯ ರಟ್ಟಿನ ಪಟ್ಟಿ ತೆಗೆದುಕೊಂಡು, ಪ್ರತಿ ಸ್ಟಡ್ಡಿನ ಬೆನ್ನಿಗೆ ಮೇಲಿನಿಂದ ಕೆಳಗಿನವರೆಗೆ ಎಳೆದೆ. ಎರಡು ಕಡೆ ಸಿಕ್ಕಿಕೊಂಡಿತು. ಹಳೆಯ ಗಾರೆಯ ಉಬ್ಬು. ಉಳಿಯಿಂದ ಕೆತ್ತಿ ತೆಗೆದು ಮತ್ತೆ ಎಳೆದೆ.

ಉಣ್ಣೆ ಎಂದೆನಲ್ಲ, ಅದು ಕಲ್ಲನ್ನು ಕರಗಿಸಿ ನೂಲು ಮಾಡಿದ ರಾಕ್‌ವೂಲ್. ಘನ ಮೀಟರಿಗೆ 48 ಕಿಲೋ ಸಾಂದ್ರತೆಯದು, 75 ಮಿಲಿಮೀಟರ್ ದಪ್ಪ. ಸ್ಟಡ್‌ಗಳ ನಡುವೆ ತಾನೇ ನಿಲ್ಲುವಷ್ಟು ಸಡಿಲವಾಗಿ ಇಟ್ಟರೆ ಸಾಕು. ಹೆಚ್ಚು ಒಳ್ಳೆಯದಾಗಲೆಂದು ಅದುಮಿ ತುಂಬಿದರೆ ಆಚೆ ಗೋಡೆಗೂ ಈಚೆ ಬೋರ್ಡಿಗೂ ಅದೇ ಸೇತುವೆಯಾಗುತ್ತದೆ. ಕೈಗವಸು, ಕನ್ನಡಕ, ಮೂಗಿಗೆ ಒಳ್ಳೆಯ ಮಾಸ್ಕ್ ಇಲ್ಲದೆ ಅದನ್ನು ಮುಟ್ಟಬಾರದು. ನಾನು ತೋಳು ಮುಚ್ಚಿಕೊಳ್ಳದೆ ಅರ್ಧ ಗಂಟೆ ಕೆಲಸ ಮಾಡಿ ಎರಡು ದಿನ ತುರಿಸಿಕೊಂಡೆ. ಅಮ್ಮನನ್ನು ಆ ವಾರ ತಂಗಿಯ ಮನೆಯಲ್ಲಿ ಇರಿಸಿದ್ದೆ.

ಮೊದಲ ಪದರದ ಬೋರ್ಡಿನ ಮೇಲೆ ಜೇನಿನಷ್ಟು ಮಂದವಾದ, ಒಣಗಿದರೂ ಮೆತ್ತಗೇ ಉಳಿಯುವ ಲೇಪ ಹಚ್ಚಿ, ಅದರ ಮೇಲೆ ಎರಡನೆಯ ಪದರ. ಎರಡು ಬೋರ್ಡು ಬಾಗುವಾಗ ನಡುವಿನ ಲೇಪ ಅತ್ತಿತ್ತ ಜಾರಿ, ಆ ಅಲುಗಾಟವನ್ನು ಕೂದಲೆಳೆಯಷ್ಟು ಬಿಸಿಯಾಗಿ ಮಾರ್ಪಡಿಸುತ್ತದೆ. ಮೊದಲ ಪದರದ ಕೂಡುಗೆರೆಯ ಮೇಲೆ ಎರಡನೆಯದರ ಕೂಡುಗೆರೆ ಬೀಳದಂತೆ ಹಾಕಿಸಿದೆ. ಸುತ್ತಲೂ, ನೆಲ, ಪಕ್ಕದ ಗೋಡೆಗಳು, ಸ್ಲ್ಯಾಬ್ ಎಲ್ಲ ಕಡೆ, 6 ಮಿಲಿಮೀಟರ್ ಬಿಡುವು. ಇದಕ್ಕೂ ಚರ್ಚೆ ನಡೆಯಿತು. ಬಿಗಿಯಾಗಿ ಕೂರಿಸಿ ಪುಟ್ಟಿ ಎಳೆದರೆ ಅಂದ ಎಂದು ಅವನ ವಾದ. ಪುಟ್ಟಿ ಒಣಗಿ ಕಲ್ಲಾಗುತ್ತದೆ, ಪಕ್ಕದ ಗೋಡೆಯ ಅಲುಗಾಟವನ್ನು ಬೋರ್ಡಿಗೆ ತಲುಪಿಸುತ್ತದೆ, ಕೊನೆಗೆ ಬಿರಿದು ಸದ್ದನ್ನೂ ಬಿಡುತ್ತದೆ. ಆ ಬಿಡುವಿಗೆ ನಾನೇ ಕೂತು ಸೀಲಂಟ್ ತುಂಬಿದೆ, ಎರಡೂ ಪದರಗಳಿಗೆ ಬೇರೆ ಬೇರೆಯಾಗಿ. ಸ್ಕರ್ಟಿಂಗ್ ಪಟ್ಟಿಯನ್ನು ಬೋರ್ಡಿಗೆ ಅಂಟಿಸಿ, ನೆಲಕ್ಕೆ ತಾಗದಂತೆ ಒಂದು ಕೂದಲಷ್ಟು ಎತ್ತಿದೆ. ಬಣ್ಣದ ಕೆಲಸದಲ್ಲಿ ಹೇಳುವಂಥದ್ದೇನಿಲ್ಲ.

ಪಕ್ಕದ ಮನೆಯವರು ಅದೇ ಹಾಡನ್ನು ಅದೇ ಮಟ್ಟದಲ್ಲಿ ಹಾಕಿದರು. ‘ಸಿ’ ತೂಕದಲ್ಲಿ 54 ಇದ್ದದ್ದು 45 ಆಗಿತ್ತು. ಸ್ಟೆತಸ್ಕೋಪ್ ಹಿಡಿದರೆ ಹೊಸ ಗೋಡೆ ಸುಮ್ಮನಿದೆ. ಉಳಿದದ್ದು ನೆಲದಿಂದ, ಪಕ್ಕದ ಗೋಡೆಗಳಿಂದ ಬರುತ್ತಿದೆ. ಸ್ಲ್ಯಾಬ್ ಎರಡೂ ಮನೆಗೆ ಒಂದೇ, ಅಖಂಡ. ಅಲ್ಲಿ ಓಡಾಡುವ ಕಂಪನ ಈ ಗೋಡೆಯನ್ನು ಸುತ್ತು ಹಾಕಿ ಬರುತ್ತದೆ, ಅದಕ್ಕೆ ನೆಲವನ್ನೇ ತೇಲಿಸಬೇಕು, ಅಂದರೆ ಸ್ಲ್ಯಾಬಿಗೆ ತಾಗದಂತೆ ಮೆತ್ತೆಯ ಮೇಲೆ ಕೂರಿಸಬೇಕು. ಅಷ್ಟು ದೂರ ಹೋಗುವುದು ಬೇಡವೆನಿಸಿತು. ಮಂಚದ ಕಾಲುಗಳಿಗೆ ರಬ್ಬರ್ ಬಿಲ್ಲೆ ಇಟ್ಟೆ, ತಲೆಗಡೆಯನ್ನು ಗೋಡೆಯಿಂದ ಒಂದು ಗೇಣು ಈಚೆಗೆ ಎಳೆದೆ. ಅಮ್ಮ ಮಲಗಿದಳು. ನಡುರಾತ್ರಿ ಎರಡು ಸಲ ಬಾಗಿಲ ಸಂದಿಯಿಂದ ಇಣುಕಿದೆ. ಬಾಯಿ ಅರೆತೆರೆದು, ಕೈ ಚಾದರದ ಹೊರಗೆ ಬಿಟ್ಟು, ಚಿಕ್ಕ ಮಕ್ಕಳು ಮಲಗುವ ಹಾಗೆ ಮಲಗಿದ್ದಳು. ಬಾಗಿಲ ಬಳಿ ಎಷ್ಟು ಹೊತ್ತು ನಿಂತಿದ್ದೆನೋ.

ನಾಲ್ಕನೆಯ ದಿನ ಹೊಸ ಮಾತು ಬಂತು. ‘ಬೀದಿಯಲ್ಲಿ ಗಾಡಿ ಹೋಗುವುದು ಈಗ ಬಹಳ ಕೇಳುತ್ತಲ್ಲ?’ ಗಾಡಿಗಳೇನೂ ಹೆಚ್ಚಿರಲಿಲ್ಲ. ಹತ್ತಿರದ ಸದ್ದು ಅಡಗಿದಾಗ ಅದು ಮುಚ್ಚಿಟ್ಟಿದ್ದ ದೂರದ ಸದ್ದು ಮೇಲೆದ್ದಿತ್ತು. ಲಂಡನ್ನಿನ ಚೆಲ್ಸಿಯಲ್ಲಿ ಸಾಲುಮನೆಯೊಂದರಲ್ಲಿದ್ದ ಲೇಖಕ ಥಾಮಸ್ ಕಾರ್ಲೈಲ್‌ಗೂ ಇದೇ ಆಗಿತ್ತು. ಅಕ್ಕಪಕ್ಕದವರ ಹುಂಜ, ಪಿಯಾನೊಗಳ ಕಾಟ ತಾಳದೆ ಅವರು 1853ರಲ್ಲಿ ಮನೆಯ ನೆತ್ತಿಯ ಮೇಲೆ ಜೋಡಿಗೋಡೆಯ, ಬೆಳಕು ಮೇಲಿಂದ ಬೀಳುವ ಓದುಕೋಣೆ ಕಟ್ಟಿಸಲು ಶುರುಮಾಡಿದರು. ಕಟ್ಟಿ ಮುಗಿದ ಮೇಲೆ ಕೆಳಗೆ ಎಂದೂ ಕೇಳದಿದ್ದ ದೂರದ ಸದ್ದುಗಳೆಲ್ಲ ಮೇಲಿಂದ ಒಳಗೆ ಇಳಿದವು. ಇದನ್ನು ಓದಿ ನನಗೆ ಅವರ ಮೇಲೆ ಮರುಕವೂ ಹುಟ್ಟಿತು, ನಾನೊಬ್ಬನೇ ಅಲ್ಲವೆಂಬ ಧೈರ್ಯವೂ ಬಂತು.

ಕಿಟಕಿಯ ಸುತ್ತ ಮತ್ತೆ ಕೊಳವೆ ಹಿಡಿದು ಕೇಳಿದೆ. ಗಾಜಿನಿಂದಲ್ಲ, ಕದದ ಎಡ ಅಂಚಿನಿಂದ. ಕಾಗದದ ಚೂರೊಂದನ್ನು ಇಟ್ಟು ಕದ ಮುಚ್ಚಿ ಎಳೆದರೆ ಬಲಗಡೆ ಬಿಗಿ, ಎಡಗಡೆ ಕಾಗದ ಸಲೀಸಾಗಿ ಜಾರಿ ಬಂತು. ರಬ್ಬರ್ ಗ್ಯಾಸ್ಕೆಟ್ ಪಟ್ಟಿ ತಂದು ಚೌಕಟ್ಟಿನ ಸುತ್ತ ಅಂಟಿಸಿದೆ, ಅಗುಳಿಯನ್ನು ಎರಡು ಎಳೆ ಒಳಗೆ ಸರಿಸಿದೆ. ಈಗ ಎಡಗಡೆಯೂ ಕಾಗದ ಹರಿಯುತ್ತದೆಯೇ ಹೊರತು ಜಾರುವುದಿಲ್ಲ. ರಾತ್ರಿ ಗಾಳಿಗೆಂದು ಅಮ್ಮ ಬಾಗಿಲನ್ನು ತುಸು ತೆರೆದಿಟ್ಟುಕೊಳ್ಳುತ್ತಾಳೆ, ನನ್ನ ಕೋಣೆಯ ಕಡೆಗೆ.